ಬಾಕಿ ಇಟ್ಟುಕೊಂಡೇ ದೋಣಿ ಹತ್ತಿದ್ದು

ನನಗೀಗ ನಲವತ್ತೆಂಟು ವರ್ಷ. ವಿಮಾ ಕಚೇರಿಯೊಂದರಲ್ಲಿ ಹಿರಿಯ ಸಹಾಯಕಿ. ಬಿ.ಕಾಂ. ಪದವೀಧರೆ. ನಮ್ಮ ವಂಶದಲ್ಲಿ ನನಗಿಂತ ಮೊದಲು ಪದವಿಯ ಮಾತು ಹಾಗಿರಲಿ, ಹತ್ತನೆಯ ಇಯತ್ತೆಯ ಮುಖ ಕಂಡವರೂ ಇರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದಿನ ವಾಕ್ಯ ಓದಿದ ಮೇಲೆ ನನ್ನ ಮೇಲಿನ ಗೌರವ ನಿಮಗೆ ಒಂದಿಷ್ಟು ಕಡಿಮೆಯಾಗಬಹುದು. ಕಳೆದ ಮೂರು ತಿಂಗಳು ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಟಿವಿಯ ಮುಂದೆ ಕುಳಿತು, ಒಬ್ಬ ಅಂಬಿಗನಿಗೆ ‘ಇನ್ನೂ ಇಲ್ಲ’ ಎಂದು ಹೇಳಿ ಎದ್ದು ಬರುತ್ತಿದ್ದೆ.

ಅಂಬಿಗ ನಿಜವಾದವನಲ್ಲ, ವಿಡಿಯೋ ಗೇಮಿನವನು. ಗಡ್ಡ ಬಿಟ್ಟವನು, ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನು. ಮಂಜು ಮುಸುಕಿದ ದಡದಲ್ಲಿ ದೋಣಿ ಕಟ್ಟಿಕೊಂಡು ಕೂತಿರುತ್ತಾನೆ. ನನ್ನ ಕುದುರೆ ಹತ್ತಿರ ಹೋದ ಕೂಡಲೇ ಎದ್ದು ನಿಂತು, ಈ ಕಡೆಯ ಕೆಲಸವೆಲ್ಲ ಮುಗಿಯಿತೇ, ದ್ವೀಪಕ್ಕೆ ಹೊರಡೋಣವೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾನೆ. ಕೆಳಗೆ ಎರಡು ಉತ್ತರಗಳು ಮೂಡುತ್ತವೆ. ಒಂದು ‘ಹೊರಡೋಣ’, ಇನ್ನೊಂದು ‘ಇನ್ನೂ ಇಲ್ಲ’. ಬೇರೆ ಆಟಗಾರರು ಈ ಪ್ರಶ್ನೆಯನ್ನು ಓದುವುದೂ ಇಲ್ಲವಂತೆ. ಗುಂಡಿ ಒತ್ತಿ ದೋಣಿ ಹತ್ತುತ್ತಾರಂತೆ. ನನಗೆ ಮಾತ್ರ ಅದು ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ಹೆಗಲ ಹಿಂದೆ ಬಂದು ನಿಂತು ಕೇಳಿದ ಹಾಗೆ ಕೇಳಿಸಿತು. ಮುಗಿದಿರಲಿಲ್ಲ. ಇಪ್ಪತ್ತೇಳು ಕೆಲಸ ಬಾಕಿ ಇದ್ದವು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಈ ಆಟ ನನಗೆ ಅಂಟಿಕೊಂಡದ್ದು ಹೇಗೆಂದು ಹೇಳುತ್ತೇನೆ. ಮಗಳು ಶ್ರೇಯಾ ಹನ್ನೆರಡನೆಯದರಲ್ಲಿ ಒಳ್ಳೆಯ ಅಂಕ ತೆಗೆದಾಗ ಅವರಪ್ಪ ಆಟದ ಯಂತ್ರ ಕೊಡಿಸಿದ್ದರು. ವಿಲೆ ಪಾರ್ಲೆಯ ಕಾಲೇಜು ಸೇರಿದ ಮೇಲೆ ಅವಳು ಅದರ ಕಡೆ ನೋಡಲಿಲ್ಲ. ಹೋದ ವರ್ಷ ನಾನು ಘಾಟ್ಕೋಪರ್ ಸ್ಟೇಶನ್ನಿನ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡು ಐದು ವಾರ ಮನೆಯಲ್ಲಿ ಕೂತೆ. ಧಾರಾವಾಹಿಗಳು ಮೂರೇ ದಿನಕ್ಕೆ ಬೇಸರ ತಂದವು. ಆಗ ಮಗಳೇ ರಿಮೋಟನ್ನು ಕೈಗೆ ಕೊಟ್ಟಳು. ರಿಮೋಟ್ ಅಲ್ಲ, ಕಂಟ್ರೋಲರ್ ಎಂದು ತಿದ್ದಿದಳು. ಮೊದಲ ದಿನ ನನ್ನ ನಾಯಕಿ ಗೋಡೆಗೆ ಮುಖ ಕೊಟ್ಟು ಅರ್ಧ ಗಂಟೆ ಓಡಿದಳು. ಎರಡನೆಯ ವಾರದಲ್ಲಿ ಅವಳು ಕುದುರೆ ಹತ್ತಿ ಬೆಟ್ಟದ ತುದಿಗೆ ಹೋಗಿ ನಿಂತಾಗ ಕಾಲ ಕೆಳಗೆ ಊರುಗಳು, ಹೊಳೆ, ಕಾಡು ಹರಡಿಕೊಂಡಿದ್ದವು. ಇದರಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು, ಯಾವ ಊರಿಗೆ ಮೊದಲು ಎಂದು ಯಾರೂ ಕಟ್ಟು ಹಾಕಿಲ್ಲ ಎಂದಳು ಮಗಳು. ಪ್ಲಾಸ್ಟರ್ ಹಾಕಿಸಿಕೊಂಡು ಬಾತ್‌ರೂಮಿಗೂ ಗೋಡೆ ಹಿಡಿದು ಹೋಗುತ್ತಿದ್ದ ನನಗೆ ಅದಕ್ಕಿಂತ ದೊಡ್ಡ ಔಷಧ ಬೇಕಿರಲಿಲ್ಲ.

ಕಾಲು ಕೂಡಿತು, ಆಟದ ಮುಖ್ಯ ಕತೆಯೂ ಮುಗಿಯಿತು. ಅಷ್ಟರಲ್ಲಿ ಆ ಕಂಪನಿಯವರು ಆಟಕ್ಕೊಂದು ವಿಸ್ತರಣೆ ತಂದರು. ಹೊಸ ದ್ವೀಪ, ಹೊಸ ಜನ, ಹೊಸ ಕತೆ. ಬೇರೆಯಾಗಿ ಕೊಂಡು ಹಳೆಯದಕ್ಕೆ ಸೇರಿಸಿಕೊಳ್ಳಬೇಕು. ನನಗೆ ಇದು ಹೊಸ ಸಂಗತಿ ಅನ್ನಿಸಲೇ ಇಲ್ಲ. ಪರೀಕ್ಷೆಯಲ್ಲಿ ಉತ್ತರಪತ್ರಿಕೆ ತುಂಬಿದ ಮೇಲೆ ಕೈ ಎತ್ತಿ ಪುರವಣಿ ಕೇಳಿ, ದಾರದಿಂದ ಕಟ್ಟುತ್ತಿದ್ದೆವಲ್ಲ, ಅದೇ ಇದು. ಪುರವಣಿ ಕೇಳಿದವರನ್ನು ಇಡೀ ಕೋಣೆ ತಲೆ ಎತ್ತಿ ನೋಡುತ್ತಿತ್ತು. ಅದರಲ್ಲಿ ಬರೆದದ್ದು ಏನು ಎಂಬುದು ಬೇರೆ ಪ್ರಶ್ನೆ. ಕೀರ್ತನಕಾರರೂ ಮುಖ್ಯ ಕತೆಯನ್ನು ನಡುವೆಯೇ ನಿಲ್ಲಿಸಿ ಉಪಕತೆಗೆ ಇಳಿಯುತ್ತಾರೆ. ಉಪಕತೆ ಹೆಚ್ಚು ಹಿಡಿಸಿದರೆ ಮೂಲಕತೆಯ ರಾಜ ಸಿಂಹಾಸನದ ಮೇಲೆ ಕೂತು ಆಕಳಿಸಬೇಕಾಗುತ್ತದೆ. ನಮ್ಮ ಮುಂಬಯಿಯೇ ಹಾಗೆ ಬೆಳೆದ ಊರು. ಇಷ್ಟೇ ಎಂದುಕೊಂಡಾಗಲೆಲ್ಲ ಲೋಕಲ್ ಇನ್ನೊಂದು ಸ್ಟೇಶನ್ ಮುಂದಕ್ಕೆ ಹೋಗುತ್ತದೆ, ಅಲ್ಲಿಂದಾಚೆಗೆ ಇನ್ನೊಂದು ಊರು ಹುಟ್ಟುತ್ತದೆ.

ಹೀಗೆ ತತ್ವ ಹೇಳುವುದು ಸುಲಭ. ದೋಣಿ ಹತ್ತುವುದು ನನ್ನಿಂದ ಆಗಲಿಲ್ಲ.

ಕಾರಣ ನನ್ನ ಓದಿನ ರೀತಿಯಲ್ಲಿದೆ. ಅಪ್ಪ ವಿಜಯಪುರದ ಕಡೆಯಿಂದ ಇಟ್ಟಿಗೆ ಹೊರಲು ಬಂದವನು. ಆಮೇಲೆ ಸ್ಲ್ಯಾಬಿಗೆ ಹಲಗೆ ಹೊಡೆಯುವ ಕೆಲಸ ಕಲಿತ. ಆಂಟಾಪ್ ಹಿಲ್‌ನ ಸಾಲುಮನೆಗಳ ಚಾಳಿನಲ್ಲಿ, ಹತ್ತಡಿಯ ಖೋಲಿಯೊಂದರಲ್ಲಿ ನಾವು ಆರು ಜನ. ನನ್ನ ಜೊತೆ ಕಾಲೇಜಿಗೆ ಬರುತ್ತಿದ್ದ ಓದಿದ ಮನೆಯ ಹುಡುಗಿಯರು ಪರೀಕ್ಷೆ ಹತ್ತಿರ ಬಂದಾಗ ಪಾಠಗಳನ್ನು ಆರಾಮಾಗಿ ‘ಆಪ್ಷನ್‌ಗೆ’ ಬಿಡುತ್ತಿದ್ದರು. ಇದು ಬರುವುದಿಲ್ಲ ಬಿಡು, ಅದು ಹೋದ ವರ್ಷ ಬಂದಿತ್ತು ಬಿಡು ಎಂದು ಅವರ ಅಣ್ಣನೋ ಅತ್ತೆಯೋ ಹೇಳಿರುತ್ತಿದ್ದರು. ನನಗೆ ಬಿಡು ಎಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಯಾವುದು ಮುಖ್ಯ ಎಂದು ತಿಳಿಯದವಳಿಗೆ ಎಲ್ಲವೂ ಮುಖ್ಯ. ಹಾಗಾಗಿ ಪುಸ್ತಕವನ್ನು ಮೊದಲ ಪುಟದಿಂದ, ಮುದ್ರಕರ ವಿಳಾಸವನ್ನೂ ಬಿಡದೆ ಓದಿದೆ. ಒಂದೇ ಏಟಿಗೆ ಎಲ್ಲ ಪರೀಕ್ಷೆ ಪಾಸಾದವಳು ಎಂದು ಬಳಗದಲ್ಲಿ ನನಗೊಂದು ಹೆಸರಿದೆ. ಕಚೇರಿಯಲ್ಲೂ ನನ್ನ ಕೆಲಸ ಕ್ಲೇಮ್ ಅರ್ಜಿಗಳಲ್ಲಿ ಯಾವ ಕಾಗದ ಇಲ್ಲ ಎಂದು ಹುಡುಕಿ ವಾಪಸ್ಸು ಕಳಿಸುವುದು. ನನ್ನ ಮೇಜಿನ ಮೇಲಿನ ಟ್ರೇ ಸಂಜೆಗೆ ಖಾಲಿ ಇರುತ್ತದೆ.

ಇಂಥವಳ ಕೈಗೆ ಎಲ್ಲಿಗೆ ಬೇಕಾದರೂ ಹೋಗಬಹುದಾದ ಲೋಕ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ದಾರಿಯಲ್ಲಿ ಯಾರು ಏನು ಕೇಳಿದರೂ ಒಪ್ಪಿಕೊಂಡೆ. ಕಳೆದ ಆಡು ಹುಡುಕಿ ಕೊಟ್ಟೆ, ವಿಧವೆಯೊಬ್ಬಳ ಗಂಟೆ ಕದ್ದವನನ್ನು ಹಿಡಿದೆ, ಬೇಕರಿಯವನಿಗೆ ಅಣಬೆ ಕಿತ್ತು ತಂದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಪಟ್ಟಿ ಮಾಡಿ, ಮುಗಿದಂತೆ ಮುಗಿದಂತೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಧಾರವಾಡದವರಾದ ನನ್ನ ಯಜಮಾನರಿಗೆ ಇದಕ್ಕಿಂತ ಒಳ್ಳೆಯ ಮನರಂಜನೆ ಬೇರೆ ಇಲ್ಲ.

‘ಏನ್ ಬಾಯಾರ, ಇವತ್ತ ಯಾರ ಆಡು ಹುಡಕಾಕ ಹೊಂಟೀರಿ?’ ಎನ್ನುವರು. ‘ನಮ್ಮನಿ ಗ್ಯಾಸಿನ ಬುಕ್ಕ ಎರಡ ದಿನದಿಂದ ಸಿಗವಲ್ದು, ಅದನ್ನೂ ಪಟ್ಟಿಗೆ ಬರಕೋರಿ.’

ಇಪ್ಪತ್ತೇಳರಲ್ಲಿ ಇಪ್ಪತ್ತಾರು ಇವತ್ತಲ್ಲ ನಾಳೆ ಮುಗಿಯುವಂಥವು. ಒಂದು ಮಾತ್ರ ಗಂಟಲಿಗೆ ಸಿಕ್ಕಿತ್ತು. ಅದೊಂದು ಕುದುರೆ ಪಂದ್ಯ. ಹೊಳೆ ದಾಟಿ, ಗಾಣದ ಮನೆ ಸುತ್ತಿ, ಸೇತುವೆಗೆ ಬರಬೇಕು. ಹದಿನಾಲ್ಕು ಸಲ ಓಡಿದೆ, ಹದಿನಾಲ್ಕು ಸಲವೂ ಕೊನೆಯವಳಾಗಿ ಬಂದೆ. ಬೆರಳುಗಳು ಮಾತು ಕೇಳುವುದಿಲ್ಲ. ತಿರುವು ಬಂದದ್ದು ಕಣ್ಣಿಗೆ ತಿಳಿದು ಹೆಬ್ಬೆರಳಿಗೆ ತಲಪುವಷ್ಟರಲ್ಲಿ ಕುದುರೆ ಗಾಣದ ಮನೆಯ ಒಳಗಿರುತ್ತದೆ. ಇದನ್ನು ಗೆಲ್ಲದೆ ದ್ವೀಪಕ್ಕೆ ಹೋಗುವುದು ಹೇಗೆ? ಮುಂದಿನ ಪುಸ್ತಕ ತೆರೆಯುವುದಕ್ಕೆ ಹಿಂದಿನದು ಮುಗಿದಿರಬೇಕಲ್ಲ?

ನಾನು ಹೀಗೆ ದಡದಲ್ಲಿ ನಿಂತಿದ್ದಾಗಲೇ ಮನೆಯಲ್ಲಿ ಇನ್ನೊಂದು ‘ಇನ್ನೂ ಇಲ್ಲ’ ಶುರುವಾಗಿತ್ತು. ಶ್ರೇಯಾಳ ಎರಡನೆಯ ವರ್ಷ ಮುಗಿದಿತ್ತು. ಮೂರನೆಯ ವರ್ಷದ ಪ್ರವೇಶದ ಫಾರ್ಮು ಮೇಜಿನ ಮೇಲೆ ಬಿದ್ದಿತ್ತು. ತುಂಬಿದೆಯಾ ಎಂದರೆ ಇನ್ನೂ ಇಲ್ಲ. ಫೋಟೋ ತೆಗೆಸಿದೆಯಾ ಎಂದರೆ ಇನ್ನೂ ಇಲ್ಲ. ಕೊನೆಗೊಂದು ದಿನ ತಟ್ಟೆಯ ಕಡೆ ನೋಡುತ್ತಾ ಹೇಳಿದಳು:

‘ಮಮ್ಮಿ, ನಾನು ಒಂದ್ ಸಾಲ್ ಗ್ಯಾಪ್ ತಗೋತೀನಿ. ಸಬ್ ಲೋಗ್ ತಗೋತಾರೆ.’

‘ಯಾಕವಾ?’

‘ಬಸ್, ಐಸೇ ಹೀ. ಸೋಚ್ನಾ ಹೈ.’

ಯೋಚನೆ ಮಾಡಲು ಒಂದು ವರ್ಷ! ನಾವು ಯೋಚನೆಯನ್ನೆಲ್ಲ ಲೋಕಲ್‌ನಲ್ಲಿ ನಿಂತುಕೊಂಡೇ ಮುಗಿಸಿದವರು. ನನಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ನಮ್ಮ ಚಾಳಿನಲ್ಲಿ ನನಗಿಂತ ಚುರುಕಾಗಿದ್ದ ಹುಡುಗಿಯೊಬ್ಬಳು ತಾಯಿಯ ಆರೈಕೆಗೆಂದು ಒಂದೇ ವರ್ಷ ಕಾಲೇಜು ಬಿಟ್ಟಿದ್ದಳು. ಆ ವರ್ಷ ಇನ್ನೂ ಮುಗಿದಿಲ್ಲ, ಅವಳಿಗೀಗ ಮೊಮ್ಮಗನಿದ್ದಾನೆ. ಮಗಳದ್ದು ಹಾಗಲ್ಲ, ಕಾಲ ಬೇರೆ ಎಂದು ಯಜಮಾನರು ಸಮಾಧಾನ ಹೇಳಿದರು. ಕಾಲ ಬೇರೆ ಇರಬಹುದು, ಮೆಟ್ಟಿಲು ಅವೇ. ಇಳಿದವರಿಗೆ ಮತ್ತೆ ಹತ್ತಲು ಮೊದಲಿಗಿಂತ ಹೆಚ್ಚು ಉಸಿರು ಬೇಕು. ಫಾರ್ಮು ಕೊಡುವ ಕೊನೆಯ ದಿನ ಶನಿವಾರ. ಆ ಶನಿವಾರ ದಾಟಿದರೆ ಇವಳು ಮತ್ತೆ ಕಾಲೇಜಿನ ಗೇಟಿನೊಳಗೆ ಕಾಲಿಡುತ್ತಾಳೋ ಇಲ್ಲವೋ ಎಂಬ ಒಂದೇ ಯೋಚನೆ ನನ್ನನ್ನು ತಿನ್ನತೊಡಗಿತು. ಬುದ್ಧಿ ಹೇಳಿದೆ, ಗದರಿದೆ, ಅವಳಿಗೆ ಇಷ್ಟವಾದ ಜುನಕ ಮಾಡಿ ಬಡಿಸಿದೆ. ಜುನಕ ತಿಂದಳು, ಬಾಯಿ ಬಿಡಲಿಲ್ಲ.

ಶನಿವಾರಕ್ಕೆ ಇನ್ನು ಆರು ದಿನ ಇದ್ದ ಭಾನುವಾರ ಮಧ್ಯಾಹ್ನ. ತಲೆಬಿಸಿ ಮರೆಯಲು ಟಿವಿ ಹಚ್ಚಿ ಕುದುರೆ ಪಂದ್ಯಕ್ಕೆ ಹೋದೆ. ಹದಿನೈದನೆಯ ಸಲ ಸೋತೆ. ದಡಕ್ಕೆ ಬಂದೆ. ಅಂಬಿಗ ಎದ್ದು ನಿಂತು ತನ್ನ ಪ್ರಶ್ನೆ ಕೇಳಿದ. ನಾನು ‘ಇನ್ನೂ ಇಲ್ಲ’ ಒತ್ತಿದೆ. ಹಿಂದಿನಿಂದ ಶ್ರೇಯಾಳ ದನಿ ಸಿಡಿಯಿತು.

‘ಮಮ್ಮಿ, ಬಸ್ ಕರೋ! ತೀನ್ ಮಹೀನೆಯಿಂದ ನೋಡ್ತಿದೀನಿ. ಅವನು ಹೋಗಬೇಡ ಅಂತ ಬೋಲಾ ಕ್ಯಾ? ಅವನು ಖಾಲಿ ಕೇಳ್ತಿದಾನೆ. ಯೆಸ್ ದಬಾವ್, ಬೋಟ್ ಹೊರಟು ಹೋಗತ್ತೆ.’

‘ಇಪ್ಪತ್ತೇಳು ಬಾಕಿ ಅದಾವಲ್ಲ.’

‘ತೋ ಕ್ಯಾ? ರಹನೇ ದೋ. ಆಮೇಲೆ ಬಂದು ಮಾಡು. ಬಾಕಿ ಇದ್ದರೂ ಆಗೇ ಜಾ ಸಕತೇ ಹೈ!’

‘ಹಂಗ ಹೋಗಾಕ ಬರಂಗಿಲ್ಲವಾ. ಹಿಂದಿಂದು ಒಂದು ಬಾಕಿ ಇದ್ರೂ ಮುಂದ ಹೆಜ್ಜಿ ಇಡಬಾರದು. ಮನಸಿಗೆ ಕೊರೀತೈತಿ. ಮರ್ಯಾದಿ ಅಲ್ಲ ಅದು.’

ಇಷ್ಟು ಹೇಳಿ ಹೆಮ್ಮೆಯಿಂದಲೇ ತಿರುಗಿ ನೋಡಿದೆ. ಅವಳ ಮುಖ ನೋಡಿ ಕಂಟ್ರೋಲರ್ ಕೆಳಗಿಟ್ಟೆ. ಇಪ್ಪತ್ತರ ಹುಡುಗಿ ನಾಲ್ಕು ವರ್ಷದವಳ ಹಾಗೆ ತುಟಿ ಮುಂದೆ ಮಾಡಿಕೊಂಡು ಅಳುತ್ತಿದ್ದಳು.

‘ವಹೀ ತೋ,’ ಎಂದಳು. ‘ಅದಕ್ಕೇ ನಾನೂ ಹೋಗಲ್ಲ. ನನಗೆ ಕೇಟಿ ಲಗೀ ಹೈ, ಮಮ್ಮಿ. ಸ್ಟ್ಯಾಟ್ಸ್‌ನಲ್ಲಿ.’

ಮುಂಬಯಿಯಲ್ಲಿ ಓದದವರಿಗಾಗಿ ಒಂದು ಮಾತು. ಒಂದೆರಡು ವಿಷಯದಲ್ಲಿ ನಾಪಾಸಾದವರನ್ನು ಇಲ್ಲಿ ಪೂರ್ತಿ ಕೆಳಗೆ ಕೂರಿಸುವುದಿಲ್ಲ. ಮುಂದಿನ ವರ್ಷಕ್ಕೆ ಹೋಗಲು ಬಿಡುತ್ತಾರೆ. ಉಳಿದ ವಿಷಯವನ್ನು ಮುಂದಿನ ಸಲ ಮತ್ತೆ ಬರೆದು ಪಾಸು ಮಾಡಿಕೊಳ್ಳಬೇಕು. ಇದಕ್ಕೆ ಕೇಟಿ ಎಂದು ಹೆಸರು. ಲೋಕಲ್‌ನಲ್ಲಿ ಕಾಲೇಜು ಹುಡುಗರು ನಿನಗೆಷ್ಟು ಕೇಟಿ, ನನಗಿಷ್ಟು ಎಂದು ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ನೆಗಡಿಯ ಬಗ್ಗೆ ಮಾತಾಡಿದಷ್ಟು ಹಗುರ. ನನ್ನ ಮಗಳಿಗೆ ಅದು ಕಾಲೇಜನ್ನೇ ಬಿಡುವಷ್ಟು ಭಾರವಾಗಿತ್ತು. ಕಾಲೇಜು ಅವಳನ್ನು ಮುಂದೆ ಹೋಗು ಎಂದಿತ್ತು. ಹೋಗಬೇಡ ಎಂದದ್ದು ನಾನು. ಬಾಯಿಂದ ಹೇಳದೆ, ಮೂರು ತಿಂಗಳು ಭಾನುವಾರ ಭಾನುವಾರ ಅವಳ ಕಣ್ಣ ಮುಂದೆ ಒಂದು ಗುಂಡಿ ಒತ್ತಿ ಹೇಳಿದ್ದೆ. ಆಡು ಅಣಬೆಯ ಲೆಕ್ಕದಲ್ಲೇ ಇಷ್ಟು ಗಟ್ಟಿ ಇರುವ ಹೆಂಗಸು ಸ್ಟ್ಯಾಟಿಸ್ಟಿಕ್ಸಿನ ವಿಷಯದಲ್ಲಿ ಏನು ಮಾಡಿಯಾಳು ಎಂದು ಅವಳು ಲೆಕ್ಕ ಹಾಕಿದ್ದಳು. ಆ ಲೆಕ್ಕದಲ್ಲೇನೂ ತಪ್ಪಿರಲಿಲ್ಲ.

ಟಿವಿಯಲ್ಲಿ ಅಂಬಿಗ ಇನ್ನೂ ನಿಂತೇ ಇದ್ದ. ನಾನು ಅವನಿಗೆ ಬೆನ್ನು ಮಾಡಿ ಮಗಳ ಪಕ್ಕಕ್ಕೆ ಸರಿದೆ. ಒಂದೇ ಏಟಿಗೆ ಪಾಸಾದವಳು ಎಂಬ ನನ್ನ ಹೆಸರು ಇದೆಯಲ್ಲ, ಅದು ನಿಜವಲ್ಲ. ನನ್ನ ಮೊದಲನೆಯ ವರ್ಷದ ಗಣಿತದಲ್ಲಿ ಪಾಸಿಗೆ ಆರು ಅಂಕ ಕಡಿಮೆ ಬಿದ್ದಿದ್ದವು. ಇಪ್ಪತ್ತೊಂಬತ್ತು ವರ್ಷದಿಂದ ಯಾರಿಗೂ ಹೇಳದ್ದನ್ನು ಆ ಮಧ್ಯಾಹ್ನ ಮಗಳಿಗೆ ಹೇಳಿದೆ.

ಆಗಿನ ಅಂಕಪಟ್ಟಿಯಲ್ಲಿ ನಾಪಾಸಾದ ವಿಷಯದ ಮುಂದೆ ಒಂದು ಚುಕ್ಕಿಯ ಗುರುತು ಇರುತ್ತಿತ್ತು. ಐದು ಮೂಲೆಯ ಚಿಕ್ಕ ನಕ್ಷತ್ರ. ಆ ಕಾಗದ ಹಿಡಿದು ನಾನು ಖೋಲಿಯ ಬಾಗಿಲಲ್ಲಿ ನಿಂತಿದ್ದೆ. ಹೇಗೆ ಹೇಳುವುದು ಎಂದು ಬಾಯೊಳಗೇ ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅಪ್ಪ ಕೆಲಸದಿಂದ ಬಂದ. ಕೈ ಕಾಲು ತೊಳೆದು, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಕಾಗದವನ್ನು ಎರಡೂ ಕೈಯಿಂದ ಇಸಿದುಕೊಂಡ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡುತ್ತಾ ಬಂದವನ ಬೆರಳು ಒಂದು ಕಡೆ ನಿಂತಿತು.

‘ಕಸ್ತೂರಿ, ಇದೇನ ಇದು, ಚುಕ್ಕಿ?’

ಅವನ ಬೆರಳು ಉಳಿದ ಸಾಲುಗಳ ಮೇಲೂ ಓಡಿತು.

‘ಉಳಿದ ಸಾಲಿಗೆ ಇಲ್ಲ. ಇದಕ್ಕೊಂದಕ್ಕ ಐತಿ.’ ಅವನ ಮುಖ ಅರಳತೊಡಗಿತು. ‘ಚುಕ್ಕಿ ಸುಮ್ಮಸುಮ್ಮನ ಯಾರಿಗೂ ಕೊಡಂಗಿಲ್ಲ. ಫೌಜದಾರನ ಹೆಗಲ ಮ್ಯಾಲ ಇರತೈತಿ ನೋಡು, ಅಂಥಾದ್ದು ಇದು!’

ಅಂಗಿ ತೊಟ್ಟುಕೊಂಡು ಹೋದವನು ಒಂದು ಕಿಲೋ ಪೇಢೆ ತಂದ. ಚಾಳಿನ ಪ್ರತಿ ಬಾಗಿಲಿಗೆ ಹೋಗಿ, ‘ನಮ್ಮ ಹುಡುಗಿಗೆ ಗಣಿತದಾಗ ಚುಕ್ಕಿ ಕೊಟ್ಟಾರ್ರಿ’ ಎಂದು ಹಂಚಿದ. ಕೊನೆಯ ಖೋಲಿಯಲ್ಲಿ ಪೋಸ್ಟಿನಲ್ಲಿ ಕೆಲಸ ಮಾಡುವ ಮಾಸ್ತರರಂಥ ಒಬ್ಬರಿದ್ದರು. ಅವರು ಕಾಗದವನ್ನು ಕನ್ನಡಕದೊಳಗಿಂದ ನೋಡಿದರು, ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು, ಪೇಢೆ ಬಾಯಿಗೆ ಹಾಕಿಕೊಂಡು, ‘ಛಲೋ ಆತು’ ಎಂದರು. ಅಂಥ ದೊಡ್ಡ ಮನುಷ್ಯರನ್ನು ನಾನು ಕಂಡದ್ದು ಕಡಿಮೆ. ಮುಂದಿನ ಪರೀಕ್ಷೆಯಲ್ಲಿ ಆ ವಿಷಯವನ್ನು ಗುಟ್ಟಾಗಿ ಬರೆದು ಪಾಸಾದೆ. ಆಮೇಲೆ ಅಪ್ಪ, ಅವ್ವ, ನೋಡಲು ಬಂದ ಗಂಡಿನ ಕಡೆಯವರು, ಎಲ್ಲರೂ ಸೇರಿ ನನ್ನನ್ನು ಒಂದೇ ಏಟಿನ ಹುಡುಗಿ ಮಾಡಿದರು. ನಾನು ಸುಳ್ಳು ಹೇಳಲಿಲ್ಲ, ತಿದ್ದಲಿಲ್ಲ ಅಷ್ಟೆ. ತಿದ್ದದೆ ತಿದ್ದದೆ ಕೊನೆಗೆ ನಾನೂ ನಂಬಿಬಿಟ್ಟೆ.

ಶ್ರೇಯಾ ಕಣ್ಣು ಒರೆಸಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

‘ಏಕ್ ಮಿನಿಟ್. ಅಜ್ಜಾ ಪೇಢಾ ಹಂಚಿದ್ರು? ಕೇಟಿಗೆ?’

‘ಹೂಂ.’

‘ಪೂರಾ ಚಾಳ್‌ಗೆ?’

‘ಹೂಂ ಅಂದ್ನಲ್ಲ.’

ನಗು ಅವಳ ಹೊಟ್ಟೆಯಿಂದ ಬಂತು. ಸೋಫಾದ ಮೇಲೆ ಉರುಳಿ ನಕ್ಕಳು. ನನಗೂ ತಡೆಯಲಾಗಲಿಲ್ಲ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವನನ್ನು ನೆನೆದು ಅಷ್ಟು ನಕ್ಕದ್ದು ಅದೇ ಮೊದಲು. ಗದ್ದಲಕ್ಕೆ ಒಳಗೆ ಮಲಗಿದ್ದ ಯಜಮಾನರು ಎದ್ದು ಬಂದರು. ಮಗಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ತನ್ನ ಕೇಟಿಯನ್ನು ನನ್ನ ಕೇಟಿಯ ಜೊತೆ ಜಾಣತನದಿಂದ ಸೇರಿಸಿ ಹೇಳಿದಳು, ಎರಡರಲ್ಲಿ ಯಾವುದಕ್ಕೆ ಸಿಟ್ಟಾಗಬೇಕು ಎಂದು ಅವರಿಗೆ ತಿಳಿಯದ ಹಾಗೆ.

ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ‘ಅಂದ್ರ ನನಗ ಮೋಸ ಆಗೇತಿ,’ ಎಂದರು. ‘ಒಂದ ಏಟಿನ ಹೆಣ್ಣು ಅಂತ ಹೇಳಿ ಲಗ್ನಾ ಮಾಡಿಕೊಟ್ರು. ನಮ್ಮ ಮಾವ ಈಗ ಇರಬೇಕಿತ್ತು, ವಾಪಸ್ ಮಾಡ್ತಿದ್ದೆ.’

‘ಮಾಡ್ರಿ. ಕಾಗದಪತ್ರ ಪೂರ್ತಿ ಹಚ್ಚಿ ಅರ್ಜಿ ಕೊಡ್ರಿ, ನೋಡೂಣು,’ ಎಂದೆ ನಾನು.

‘ಅದೆಲ್ಲಾ ಛೋಡೋ,’ ಎಂದಳು ಮಗಳು. ‘ನನ್ನ ಪೇಢಾ ಕಹಾಂ ಹೈ?’

ಯಜಮಾನರು ಚಪ್ಪಲಿ ಮೆಟ್ಟಿ ಕೆಳಗೆ ಹೋದರು. ಅವರು ಪೆಟ್ಟಿಗೆ ಹಿಡಿದು ಬರುವಷ್ಟರಲ್ಲಿ ನಾನು ಅಂಬಿಗನ ಮುಂದೆ ಮತ್ತೊಮ್ಮೆ ಹೋಗಿ ನಿಂತಿದ್ದೆ. ಕಂಟ್ರೋಲರಿನ ಒಂದು ಕಡೆ ನನ್ನ ಹೆಬ್ಬೆರಳು, ಇನ್ನೊಂದು ಕಡೆ ಮಗಳದ್ದು. ‘ಹೊರಡೋಣ’ ಒತ್ತಿದೆವು. ಆಕಾಶ ಬೀಳಲಿಲ್ಲ. ಅಂಬಿಗ ‘ಸರಿ’ ಎಂದು ಹಗ್ಗ ಬಿಚ್ಚಿದ. ಎಷ್ಟು ಬಾಕಿ, ಯಾಕೆ ಬಾಕಿ ಎಂದು ಕೇಳಲೇ ಇಲ್ಲ. ಪಟ್ಟಿ ತೆರೆದು ನೋಡಿದೆ. ಇಪ್ಪತ್ತೇಳೂ ಅಲ್ಲೇ ಇದ್ದವು, ಬಣ್ಣ ಮಾತ್ರ ಸ್ವಲ್ಪ ಮಾಸಿತ್ತು. ಹೊರೆಯನ್ನು ಇಳಿಸಿದ್ದಲ್ಲ, ದೋಣಿಯಲ್ಲಿ ಪಕ್ಕಕ್ಕೆ ಇಟ್ಟುಕೊಂಡದ್ದು. ಅಷ್ಟಕ್ಕೇ ಹೆಗಲಿಗೆ ಎಷ್ಟು ಹಗುರ ಎನ್ನುತ್ತೀರಿ!

ದ್ವೀಪದಲ್ಲಿ ಕಾಲಿಟ್ಟ ಕೂಡಲೇ ಆಟ ನನ್ನ ಅಹಂಕಾರವನ್ನು ಇನ್ನೊಂದು ರೀತಿಯಲ್ಲಿ ಪರೀಕ್ಷಿಸಿತು. ಮರಳಿನಲ್ಲಿ ಒಂದು ಒಡಕು ಪೆಟ್ಟಿಗೆ ಬಿದ್ದಿತ್ತು. ತೆರೆದರೆ ಅದರಲ್ಲಿ ಒಂದು ಖಡ್ಗ. ನನ್ನ ಕೈಯಲ್ಲಿದ್ದ ಖಡ್ಗಕ್ಕಾಗಿ ನಾನು ಹೋದ ಚಳಿಗಾಲವೆಲ್ಲ ಗುಹೆಗುಹೆ ತಿರುಗಿ ಅದಿರು ಕೂಡಿಸಿ, ಮೂವರು ಕಮ್ಮಾರರ ಕಾಲು ಹಿಡಿದಿದ್ದೆ. ಮರಳಿನಲ್ಲಿ ಸುಮ್ಮನೆ ಬಿದ್ದಿದ್ದ ಈ ಖಡ್ಗ ಅದಕ್ಕಿಂತ ಎರಡು ಪಟ್ಟು ಹರಿತ. ಇಳಿದು ಬಂದ ಯಾರಿಗಾದರೂ ಸಿಗುವಂಥದ್ದು! ನನಗೆ ನಿಜವಾಗಿ ಹೊಟ್ಟೆ ಉರಿಯಿತು. ವಿಸ್ತರಣೆಗಳಲ್ಲಿ ಹೀಗೇ ಮಾಡುತ್ತಾರಂತೆ. ಹೊಸ ಊರಿನ ವೈರಿಗಳು ಗಟ್ಟಿ ಇರುವುದರಿಂದ ಬಂದವರ ಕೈಗೆ ಮೊದಲೇ ಒಳ್ಳೆಯ ಆಯುಧ ಕೊಡುತ್ತಾರಂತೆ. ನಾನು ಸ್ವಾಭಿಮಾನದಿಂದ ಹಳೆಯದನ್ನೇ ಹಿಡಿದು ಹೊರಟೆ. ಒಂದು ಏಡಿ ಬಂದು ನನ್ನನ್ನು ಹನ್ನೊಂದು ಸಲ ಕೊಂದಿತು.

‘ಮಮ್ಮಿ, ಉಠಾ ಲೋ ನಾ,’ ಎಂದಳು ಪೇಢೆ ತಿನ್ನುತ್ತಾ ಶ್ರೇಯಾ. ‘ಫ್ರೀ ಸಿಕ್ಕಿದ್ರೆ ಪಾಪ ಅಲ್ಲ ಅದು.’

ನಾನು ಅವಳ ಕಡೆ ನೋಡಿದೆ. ಅವಳಿಗೆ ಸ್ವಂತ ಕೋಣೆ ಇದೆ, ಸ್ವಂತ ಮೇಜು ಇದೆ, ಮೇಲೆ ಫ್ಯಾನು ತಿರುಗುತ್ತದೆ. ಅವನ್ನೆಲ್ಲ ನಾನೇ ಅವಳ ದಡದಲ್ಲಿ ತಂದಿಟ್ಟದ್ದು. ಇಟ್ಟವಳೇ ನಾನಾಗಿ, ‘ಇಷ್ಟೆಲ್ಲ ಇದ್ದೂ ನಾಪಾಸಾದೆಯಾ’ ಎಂದು ಕೇಳಲು ಮನಸ್ಸಿನ ಮೂಲೆಯಲ್ಲಿ ಒಂದು ಮಾತು ಸಿದ್ಧವಾಗಿ ಕೂತಿತ್ತು. ಅವಳ ಏಡಿಗಳು ಎಂಥವೋ ನನಗೇನು ಗೊತ್ತು? ಆ ಮಾತನ್ನು ನುಂಗಿಕೊಂಡು ಹೊಸ ಖಡ್ಗ ಎತ್ತಿಕೊಂಡೆ. ಏಡಿ ಎರಡೇ ಏಟಿಗೆ ಸತ್ತಿತು. ನಾಚಿಕೆಯಾಗಲಿಲ್ಲ.

ಆ ವಾರ ಫಾರ್ಮು ತುಂಬುವ ಕೆಲಸ ನಡೆಯಿತು. ಶನಿವಾರ ನನಗೆ ರಜೆ. ‘ನಾನು ಒಬ್ಬಳೇ ಹೋಗ್ತೀನಿ’ ಎಂದಳು. ‘ನಾ ಬರೇ ನೋಡಾಕ ಬರ್ತೇನಿ’ ಎಂದು ಹಿಂದೆ ಬಿದ್ದೆ. ಘಾಟ್ಕೋಪರಿನಿಂದ ಮೆಟ್ರೋದಲ್ಲಿ ಅಂಧೇರಿ, ಅಲ್ಲಿಂದ ಲೋಕಲ್‌ನಲ್ಲಿ ಒಂದೇ ಸ್ಟೇಶನ್. ಮೆಟ್ರೋದಲ್ಲಿ ಅವಳ ಕೈಯ ಫೈಲನ್ನು ತೆಗೆದುಕೊಂಡು ಅಭ್ಯಾಸಬಲದಿಂದ ಏನಾದರೂ ಬಿಟ್ಟುಹೋಗಿದೆಯೇ ಎಂದು ಪರಿಶೀಲಿಸಿದೆ. ಎರಡನೆಯ ಪುಟದಲ್ಲಿ ನನ್ನ ಕಣ್ಣು ನಿಂತಿತು. ‘ಬಾಕಿ ಇರುವ ಕೇಟಿಗಳ ಸಂಖ್ಯೆ’ ಎಂದು ಅಲ್ಲೊಂದು ಕಾಲಂ ಇತ್ತು. ಕೈಯಿಂದ ಬರೆದು ಸೇರಿಸಿದ್ದಲ್ಲ, ಅಚ್ಚಾದದ್ದು. ಅಂಕಿ ಬರೆಯಲು ಅಚ್ಚುಕಟ್ಟಾದ ಚೌಕ. ಅದರಲ್ಲಿ ಅವಳು ಸ್ಪಷ್ಟವಾಗಿ ‘ಒಂದು’ ಎಂದು ತುಂಬಿದ್ದಳು.

ಇಷ್ಟು ವರ್ಷ ಅರ್ಜಿಗಳ ನಡುವೆ ಬದುಕಿದ ನನಗೆ ಇದೊಂದು ಗೊತ್ತು. ಯಾರೋ ಒಬ್ಬರ ಸಲುವಾಗಿ ಯಾವ ಕಚೇರಿಯೂ ಕಾಲಂ ಅಚ್ಚು ಹಾಕಿಸುವುದಿಲ್ಲ. ಸಾವಿರಾರು ಜನ ಬರುವ ದಾರಿಗೆ ಮಾತ್ರ ಚೌಕ ಬರೆಯುತ್ತಾರೆ. ನಾನು ಇಪ್ಪತ್ತೊಂಬತ್ತು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡದ್ದು, ನನ್ನ ಮಗಳು ಎರಡು ವಾರ ಬಾಯಿ ಬಿಡದೆ ಕೊರಗಿದ್ದು, ಒಂದು ಅಂಕಿ ಹಿಡಿಯುವಷ್ಟು ಚಿಕ್ಕ ಚೌಕ!

ಕಾಲೇಜಿನಲ್ಲಿ ಸಾಲು ಉದ್ದ ಇತ್ತು. ಅವಳು ಸಾಲಿನಲ್ಲಿ ನಿಂತಳು, ನಾನು ಪಕ್ಕದಲ್ಲಿ. ಹಿಂದೆ ನಿಂತಿದ್ದ ಹುಡುಗನ ತಂದೆ ಮರಾಠಿಯವರು, ಎದೆಯ ಜೇಬಿನಲ್ಲಿ ನಾಲ್ಕು ಪೆನ್ನು. ಡಾಕ್ಟರರ ಕೋಣೆಯ ಹೊರಗೆ ಕೂತವರ ಹಾಗೆ ನನ್ನ ಕಡೆ ಬಾಗಿ, ‘ತುಮ್ಚ್ಯಾ ಮುಲೀಲಾ ಕಿತೀ?’ ಎಂದು ಪಿಸುಗುಟ್ಟಿದರು, ಮಗಳಿಗೆ ಎಷ್ಟು ಎಂದು. ಒಂದು ಎಂದು ಬೆರಳು ತೋರಿಸಿದೆ. ಅವರು ನಿಟ್ಟುಸಿರು ಬಿಟ್ಟು ಮೂರು ಬೆರಳು ಎತ್ತಿದರು. ಹುಟ್ಟಿದಾಗಿನಿಂದ ಹೆಚ್ಚು ಅಂಕಕ್ಕಾಗಿ ಜೀವ ತೇದವಳು ನಾನು. ಚಿಕ್ಕ ಅಂಕಿ ನಮ್ಮ ಪಾಲಿಗೆ ಬಂದದ್ದಕ್ಕೆ ಒಳಗೊಳಗೇ ಹಿಗ್ಗಿದ್ದು ಅವತ್ತೇ. ಹಿಗ್ಗು ಮುಖದಲ್ಲಿ ಕಾಣಬಾರದೆಂದು, ‘ಹೋಯೀಲ್ ಸಗಳಂ’, ಎಲ್ಲ ಆಗುತ್ತದೆ ಎಂದು ಸಮಾಧಾನ ಹೇಳಿದೆ. ಹೇಳುತ್ತಾ ಹೇಳುತ್ತಾ ಅದು ನಿಜವೆಂದು ನನಗೇ ಅನ್ನಿಸಿತು.

ಕಿಟಕಿಯಲ್ಲಿದ್ದ ಹೆಂಗಸು ಶ್ರೇಯಾಳ ಫಾರ್ಮಿನ ಪುಟ ತಿರುವಿದಳು. ಚೌಕದ ಮೇಲೆ ಅವಳ ಪೆನ್ನು ಒಂದು ಕ್ಷಣ ನಿಂತಿತು. ಅವಳು ಒಂದು ಟಿಕ್ ಹಾಕಿ, ಧಪ್ಪನೆ ಶಿಕ್ಕಾ ಹೊಡೆದು, ರಸೀದಿ ಹರಿದು ಕೊಟ್ಟಳು. ತಲೆ ಎತ್ತಿ ನಮ್ಮನ್ನು ನೋಡಲೂ ಇಲ್ಲ. ನಾನು ಇನ್ನೂ ಏನೋ ಕೇಳಬಹುದೆಂದು ಕಿಟಕಿ ಹಿಡಿದು ನಿಂತೇ ಇದ್ದೆ.

‘ಚಲೋ, ಪುಢೇ ಸರ್ಕಾ, ಪುಢೇ ಸರ್ಕಾ!’ ಎಂದು ಸಾಲು ಕಾಯುತ್ತಿದ್ದ ಸಿಪಾಯಿ ಗದರಿದ. ಮುಂದಕ್ಕೆ ಸರಿಯಬೇಕಂತೆ. ಶ್ರೇಯಾ ನನ್ನ ಕೈ ಹಿಡಿದು ಎಳೆದಳು. ಸರಿದೆವು.